ಬಂದು ಹಿಂತಿರುಗಿದವರು

ನಮ್ಮ ಮಲ್ಲಿಪಟ್ಟಣದ ಕಡೆಯ ಮನೆಗಳಲ್ಲಿ ಮುಖ್ಯವಾದ ಕಾಗದಪತ್ರಗಳಿಗೆಲ್ಲ ಒಂದೇ ಜಾಗ. ಮಂಚದ ಕೆಳಗಿನ ತಗಡಿನ ಟ್ರಂಕು. ಪಹಣಿ, ಸೊಸೈಟಿ ಸಾಲದ ರಸೀದಿ, ತಂಬಾಕಿನ ಲೈಸೆನ್ಸು, ನಿಕಾಹ್‌ನಾಮೆ, ತೀರಿಹೋದವರ ಫೋಟೋ, ಎಲ್ಲವೂ ಅಲ್ಲೇ. ನನ್ನ ಹತ್ತಿರದ ಬಂಧುವೊಬ್ಬರ ಟ್ರಂಕಿನಲ್ಲಿ ಇವುಗಳ ಅಡಿಯಲ್ಲಿ ಒಂದು ಅವಧಿ ಮುಗಿದ ಪಾಸ್‌ಪೋರ್ಟು, ಅದರೊಳಗೆ ನಾಲ್ಕಾಗಿ ಮಡಿಸಿದ ಒಂದು ಚೀಟಿ ಇತ್ತು. 2004ರಲ್ಲಿ ಗಲ್ಫಿಗೆ ಹೋಗಲು ಮುಂಬೈಯಲ್ಲಿ ಮಾಡಿಸಿದ ವೈದ್ಯಕೀಯ ಪರೀಕ್ಷೆಯ ಚೀಟಿ ಅದು. ಆ್ಯಂಟಿ ಎಚ್‌ಸಿವಿ ಎಂಬ ಸಾಲಿನ ಮುಂದೆ ರಿಯಾಕ್ಟಿವ್ ಎಂದು ಬರೆದು, ಕೆಳಗೆ ಅನ್‌ಫಿಟ್ ಎಂಬ ಮೊಹರು ಹಾಕಲಾಗಿತ್ತು.

ಆ ಎರಡು ಮಾತುಗಳ ಅರ್ಥವನ್ನು ಅವರಿಗೆ ಅಂದು ಯಾರೂ ಬಿಡಿಸಿ ಹೇಳಲಿಲ್ಲ. ವೀಸಾ ಏಜೆಂಟನಿಗೆ ಬೇಕಾಗಿದ್ದದ್ದು ಫಿಟ್ ಅಥವಾ ಅನ್‌ಫಿಟ್ ಎಂಬುದು ಮಾತ್ರ. ಪರೀಕ್ಷೆ ಮಾಡಿದವರ ಕೆಲಸ ಮೊಹರು ಹಾಕುವುದರೊಂದಿಗೆ ಮುಗಿದಿತ್ತು. ಊರಿಗೆ ಮರಳಿ ಒಬ್ಬ ಡಾಕ್ಟರರಿಗೆ ತೋರಿಸಿದಾಗ ‘ಇದು ಲಿವರ್ ಕಾಯಿಲೆ, ಇದಕ್ಕೆ ಔಷಧಿ ತುಂಬಾ ದುಬಾರಿ, ನಿಮ್ಮಿಂದ ಆಗುವಂಥದ್ದಲ್ಲ, ಎಣ್ಣೆ ಪದಾರ್ಥ ತಿನ್ನಬೇಡಿ’ ಎಂಬ ಉತ್ತರ ಸಿಕ್ಕಿತು. ಅಂದಿನಿಂದ ಅವರ ಲೋಟ ಬೇರೆ, ತಟ್ಟೆ ಬೇರೆ. ಅಂಗಡಿ ಹಾಕಿಕೊಂಡು ಸಂಸಾರ ನಡೆಸಿದರು, ಮಕ್ಕಳನ್ನು ಓದಿಸಿದರು. ಆದರೆ ಮೊಮ್ಮಗುವನ್ನು ಮುತ್ತಿಡಲು ಮಾತ್ರ ಹಿಂಜರಿಯುತ್ತಿದ್ದರು. ನಾವೆಲ್ಲ ಅದನ್ನು ಅವರ ಸ್ವಭಾವ ಎಂದುಕೊಂಡಿದ್ದೆವು.

ಅದೇ ವರ್ಷಗಳಲ್ಲಿ ಅಂಥದೇ ಚೀಟಿ ಹಿಡಿದು ಊರಿಗೆ ಮರಳಿದ ಇನ್ನೊಬ್ಬರನ್ನು ನಾನು ಬಲ್ಲೆ. ಅವರು 2019ರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ರಕ್ತ ವಾಂತಿ ಮಾಡಿ ತೀರಿಕೊಂಡರು. ಅವರ ಕಾಯಿಲೆಯನ್ನು ಹನ್ನೆರಡು ವಾರಗಳ ಮಾತ್ರೆಯಿಂದ ಗುಣಪಡಿಸಬಹುದಾಗಿತ್ತು. ಆ ಮಾತ್ರೆಯನ್ನು ಸರ್ಕಾರವೇ ಪುಕ್ಕಟೆ ಕೊಡಲು ನಿರ್ಧರಿಸಿ ಆಗ ಒಂದು ವರ್ಷವಾಗಿತ್ತು. ಆ ಸುದ್ದಿಯನ್ನು ಅವರ ಮನೆಯ ಬಾಗಿಲಿಗೆ ತಲುಪಿಸಿದವರು ಯಾರೂ ಇರಲಿಲ್ಲ. ಅವರ ಮನೆಯವರು ಇಂದಿಗೂ ‘ಆಯುಷ್ಯ ಅಷ್ಟೇ ಇತ್ತು’ ಎನ್ನುತ್ತಾರೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇತಿಹಾಸ ಬರೆಯುವವನು ಅಲ್ಲಿಗೆ ಪುಸ್ತಕ ಮುಚ್ಚುವಂತಿಲ್ಲ.

ಈ ರೋಗಕ್ಕೆ ಬಹಳ ಕಾಲ ಒಂದು ಹೆಸರೂ ಇರಲಿಲ್ಲ. ಕಾಮಾಲೆ ತರುವ ವೈರಸ್ಸುಗಳಲ್ಲಿ ಎ ಮತ್ತು ಬಿ ಎಂಬೆರಡನ್ನು ವಿಜ್ಞಾನಿಗಳು ಗುರುತಿಸಿದ್ದರು. ರಕ್ತ ಪಡೆದವರಲ್ಲಿ ಕಾಣಿಸಿಕೊಳ್ಳುತ್ತಿದ್ದ ಯಕೃತ್ತಿನ ಉರಿಯೂತ ಇವೆರಡರಿಂದಲೂ ಆದದ್ದಲ್ಲ ಎಂದು 1970ರ ದಶಕದ ನಡುವಿನಲ್ಲಿ ಅಮೆರಿಕದ ಹಾರ್ವೆ ಆಲ್ಟರ್ ಮತ್ತು ಅವರ ಸಂಗಡಿಗರು ತೋರಿಸಿದರು. ಆಗ ಇಟ್ಟ ಹೆಸರು ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’. ಏನೆಂದು ತಿಳಿಯದೆ, ಏನಲ್ಲ ಎಂಬುದನ್ನೇ ಹೆಸರಾಗಿಸಿಕೊಂಡ ಕಾಯಿಲೆ. 1989ರಲ್ಲಿ ಮೈಕೆಲ್ ಹಾಟನ್ ಅವರ ತಂಡ ವೈರಸ್ಸನ್ನು ಪತ್ತೆಹಚ್ಚಿದ ಮೇಲೆ ಅದು ಹೆಪಟೈಟಿಸ್ ಸಿ ಆಯಿತು. ಆಲ್ಟರ್, ಹಾಟನ್ ಹಾಗೂ ಚಾರ್ಲ್ಸ್ ರೈಸ್ ಅವರಿಗೆ ಈ ಕೆಲಸಕ್ಕಾಗಿ 2020ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇದು ರಕ್ತದಿಂದ ರಕ್ತಕ್ಕೆ ಹರಡುವ ವೈರಸ್ಸು. ಒಟ್ಟಿಗೆ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಅಪ್ಪಿಕೊಂಡರೆ, ಮುತ್ತಿಟ್ಟರೆ ಬರುವುದಿಲ್ಲ. ತಾಯಿಯ ಎದೆಹಾಲಿನಿಂದಲೂ ಬರುವುದಿಲ್ಲ. ಹಾಗಾದರೆ ಮಲೆನಾಡಿನ ಸೆರಗಿನ ಒಂದು ಹೋಬಳಿಯ ಮನುಷ್ಯನ ಮೈಯೊಳಗೆ ಇದು ಹೊಕ್ಕದ್ದು ಹೇಗೆ? ನನ್ನ ವಯಸ್ಸಿನವರಿಗೆ ಉತ್ತರವನ್ನು ಹುಡುಕಬೇಕಾಗಿಲ್ಲ, ನೆನಪಿಸಿಕೊಂಡರೆ ಸಾಕು. ಗಾಜಿನ ಸಿರಿಂಜು, ಸ್ಟೀಲಿನ ಡಬ್ಬಿ, ಸ್ಪಿರಿಟ್ ದೀಪ. ಸಂತೆಯ ದಿನ ಬೆಂಚಿನ ಮೇಲೆ ಸಾಲಾಗಿ ಕುಳಿತವರಿಗೆ ಒಂದೇ ಸೂಜಿಯನ್ನು ಬಿಸಿನೀರಿನಲ್ಲಿ ಅದ್ದಿ ಅದ್ದಿ ಚುಚ್ಚಲಾಗುತ್ತಿತ್ತು. ಜ್ವರಕ್ಕೂ ಇಂಜೆಕ್ಷನ್, ಸುಸ್ತಿಗೂ ಇಂಜೆಕ್ಷನ್. ಚುಚ್ಚದ ಡಾಕ್ಟರನನ್ನು ನಾವು ಡಾಕ್ಟರನೆಂದೇ ಒಪ್ಪುತ್ತಿರಲಿಲ್ಲ. ತಪ್ಪು ಚುಚ್ಚಿದವರದು ಮಾತ್ರವಲ್ಲ, ತೋಳು ಮುಂದೆ ಮಾಡಿ ‘ಸೂಜಿ ಹಾಕಿ ಸ್ವಾಮಿ’ ಎಂದು ದುಂಬಾಲು ಬಿದ್ದ ನಮ್ಮದೂ ಹೌದು. 2000ದ ದಶಕದ ಆರಂಭದಲ್ಲಿ ದೇಶದಾದ್ಯಂತ ನಡೆದ ಒಂದು ಅಧ್ಯಯನ, ಭಾರತದಲ್ಲಿ ವರ್ಷಕ್ಕೆ ಕೊಡುವ ಸುಮಾರು 300 ಕೋಟಿ ಇಂಜೆಕ್ಷನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುರಕ್ಷಿತವಲ್ಲ ಎಂದು ಕಂಡಿತು.

ಇನ್ನೊಂದು ದಾರಿ ರಕ್ತದ ಬಾಟಲಿ. ಹಣಕ್ಕಾಗಿ ರಕ್ತ ಮಾರುವವರೇ ನಮ್ಮ ನಗರಗಳ ರಕ್ತನಿಧಿಗಳಿಗೆ ಬಹುಕಾಲ ಆಧಾರವಾಗಿದ್ದರು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಆರಂಭದಿಂದ ಆ ಪದ್ಧತಿ ನಿಷೇಧವಾಯಿತು. ದಾನಿಯ ರಕ್ತವನ್ನು ಹೆಪಟೈಟಿಸ್ ಸಿಗಾಗಿ ಪರೀಕ್ಷಿಸುವುದು ದೇಶದಲ್ಲಿ ಕಡ್ಡಾಯವಾದದ್ದು 2001ರಲ್ಲಿ. ವೈರಸ್ಸು ಪತ್ತೆಯಾಗಿ ಹನ್ನೆರಡು ವರ್ಷ ಕಳೆದ ಮೇಲೆ. ಅದಕ್ಕೆ ಮೊದಲು ಹೆರಿಗೆಯಲ್ಲೋ ಅಪಘಾತದಲ್ಲೋ ಆಪರೇಷನ್ನಿನಲ್ಲೋ ರಕ್ತ ಪಡೆದ ನಮ್ಮ ತಾಯಂದಿರು, ಅಣ್ಣತಮ್ಮಂದಿರು ಎಷ್ಟು ಮಂದಿ ಎಂದು ಓದುಗರು ತಮ್ಮ ಮನೆಯಲ್ಲೇ ಎಣಿಸಿ ನೋಡಬಹುದು. ಡಯಾಲಿಸಿಸ್ ಯಂತ್ರ, ಹಚ್ಚೆಯ ಸೂಜಿ, ಕ್ಷೌರದಂಗಡಿಯ ಬ್ಲೇಡು ಇವೂ ದಾರಿಗಳೇ.

ವೈರಸ್ಸು ಹೊಕ್ಕವರಲ್ಲಿ ಎಲ್ಲರೂ ರೋಗಿಗಳಾಗುವುದಿಲ್ಲ. ನೂರರಲ್ಲಿ 15ರಿಂದ 45 ಮಂದಿಯ ದೇಹ ಆರು ತಿಂಗಳೊಳಗೆ ಅದನ್ನು ತಾನಾಗಿಯೇ ಹೊರದಬ್ಬುತ್ತದೆ. ಉಳಿದವರಲ್ಲಿ ಅದು ಸದ್ದಿಲ್ಲದೆ ನೆಲೆಸುತ್ತದೆ. ನೋವಿಲ್ಲ, ಜ್ವರವಿಲ್ಲ, ಹೊಲದ ಕೆಲಸಕ್ಕೆ ಅಡ್ಡಿಯಿಲ್ಲ. ಇಪ್ಪತ್ತು ವರ್ಷಗಳಲ್ಲಿ ಇಂಥ ನೂರು ಜನರ ಪೈಕಿ 15ರಿಂದ 30 ಮಂದಿಯ ಯಕೃತ್ತು ಗಂಟುಗಟ್ಟಿ ಗಟ್ಟಿಯಾಗುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ಮುಂಬೈಯಲ್ಲಿ ಮಾಡಿದ್ದು ವೈರಸ್ಸಿನ ಪರೀಕ್ಷೆಯಲ್ಲ, ವೈರಸ್ಸಿನ ವಿರುದ್ಧ ದೇಹ ಕಟ್ಟಿದ ಪ್ರತಿಕಾಯದ ಪರೀಕ್ಷೆ. ಕಳ್ಳ ಮನೆಯೊಳಗೆ ಬಂದಿದ್ದ ಎಂದು ಅದು ಹೇಳುತ್ತದೆ. ಇನ್ನೂ ಒಳಗಿದ್ದಾನೆಯೇ ಎಂದು ಹೇಳಲು ಎರಡನೆಯ ಪರೀಕ್ಷೆ ಬೇಕು, ಆರ್‌ಎನ್‌ಎ ಪರೀಕ್ಷೆ. ನಮ್ಮ ಬಂಧುವಿಗೆ 2004ರಲ್ಲಿ ಅಂಥದೊಂದು ಇದೆಯೆಂದು ಹೇಳಿದವರಿಲ್ಲ. ಹೇಳಿದ್ದರೂ ಅದರ ಖರ್ಚು ಅವರಿಗೆ ನಿಲುಕುತ್ತಿರಲಿಲ್ಲ.

ಅಂದಿನ ಡಾಕ್ಟರರು ಸುಳ್ಳು ಹೇಳಲಿಲ್ಲ ಎಂಬುದನ್ನೂ ಒಪ್ಪಬೇಕು. ಆಗ ಇದ್ದ ಔಷಧಿ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು. ಆರು ತಿಂಗಳಿಂದ ಒಂದು ವರ್ಷದವರೆಗೆ ತೆಗೆದುಕೊಳ್ಳಬೇಕು. ಜೊತೆಗೆ ರೈಬಾವಿರಿನ್ ಮಾತ್ರೆ. ಖರ್ಚು ಲಕ್ಷಗಳಲ್ಲಿ. ಜ್ವರ, ರಕ್ತಹೀನತೆ, ಕೆಲವರಿಗೆ ತೀವ್ರ ಖಿನ್ನತೆ. ಇಷ್ಟೆಲ್ಲ ಸಹಿಸಿದರೂ ಗುಣವಾಗುತ್ತಿದ್ದವರು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ. ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರ್ಷ ಬಡ್ಡಿ ಕಟ್ಟಲಾಗದೆ ಒದ್ದಾಡುವ ರೈತನಿಗೆ ‘ನಿಮ್ಮಿಂದ ಆಗುವಂಥದ್ದಲ್ಲ’ ಎಂದದ್ದರಲ್ಲಿ ಒಂದು ಬಗೆಯ ಕನಿಕರವೂ ಇತ್ತು. ತೊಂದರೆ ಇರುವುದು ಆ ಮಾತಿನಲ್ಲಲ್ಲ. ಆ ಮಾತು ಸುಳ್ಳಾದ ದಿನ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾರೂ ಹೋಗಲಿಲ್ಲ, ತೊಂದರೆ ಅಲ್ಲಿದೆ.

ಈ ಕತೆ ನಮ್ಮ ನಾಡಿಗೆ ಹೊಸದಲ್ಲ. ಹಾಸನಕ್ಕೆ ಗಡಿ ಹಂಚಿಕೊಂಡ ತುಮಕೂರು ಜಿಲ್ಲೆಯಲ್ಲಿ ಇದು ಅರವತ್ತು ವರ್ಷಗಳ ಹಿಂದೆಯೇ ನಡೆದಿದೆ, ಬೇರೊಂದು ರೋಗದ ಹೆಸರಿನಲ್ಲಿ. ಆ ರೋಗ ಕ್ಷಯ. ನಮ್ಮ ಹೆಪಟೈಟಿಸ್ ಚರ್ಚೆಗಳಲ್ಲಿ ಯಾರೂ ಅದನ್ನು ನೆನೆಯುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಮೈಸೂರು ಮಹಾರಾಜರಿಗೆ ಸೇರಿದ್ದ ಅವಲಾನ್ ಎಂಬ ಬಂಗಲೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿಯವರೆಗೆ ಕ್ಷಯವೆಂದರೆ ಸ್ಯಾನಿಟೋರಿಯಂ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿದ ಸ್ಯಾನಿಟೋರಿಯಂ ಹಳೆಯ ಮೈಸೂರಿನ ಹಿರಿಯರಿಗೆಲ್ಲ ಗೊತ್ತು. ಅಲ್ಲಿ ಹಾಸಿಗೆ ಸಿಕ್ಕವನು ಪುಣ್ಯವಂತ, ಸಿಗದವನು ಮನೆಯ ಜಗುಲಿಯಲ್ಲಿ ಕೆಮ್ಮುತ್ತಾ ಕೂರಬೇಕಿತ್ತು. ಮದರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಪ್ರಯೋಗ ಈ ಚಿತ್ರವನ್ನು ಬದಲಿಸಿತು. ಮನೆಯಲ್ಲೇ ಇದ್ದು ಮಾತ್ರೆ ನುಂಗಿದವನೂ ಸ್ಯಾನಿಟೋರಿಯಂನಲ್ಲಿ ಮಲಗಿದವನಷ್ಟೇ ಚೆನ್ನಾಗಿ ಗುಣವಾಗುತ್ತಾನೆ ಎಂದು ಅದು ತೋರಿಸಿಕೊಟ್ಟಿತು. ಔಷಧಿಯೇನೋ ಹಳ್ಳಿಗೆ ಹೋಗಬಹುದಾಯಿತು. ಆದರೆ ಯಾರಿಗೆ ಕೊಡುವುದು? ರೋಗಿಗಳೆಲ್ಲಿ? 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ, ಕ್ಷಯ ಪಟ್ಟಣದಷ್ಟೇ ಹಳ್ಳಿಯಲ್ಲೂ ಇದೆ ಎಂದು ಹೇಳಿತ್ತು. ಹಳ್ಳಿಯವನು ಅಜ್ಞಾನಿ, ದೆವ್ವಭೂತ ನಂಬುವವನು, ತನಗೆ ರೋಗವಿರುವುದೇ ಅವನಿಗೆ ತಿಳಿಯದು, ಎಕ್ಸ್‌ರೇ ವ್ಯಾನ್ ತೆಗೆದುಕೊಂಡು ಊರೂರು ಸುತ್ತಿ ಅವನನ್ನು ಹಿಡಿಯಬೇಕು ಎಂಬುದು ತಜ್ಞರ ನಂಬಿಕೆಯಾಗಿತ್ತು.

ಸಂಸ್ಥೆಯಲ್ಲಿದ್ದ ಸಮಾಜಶಾಸ್ತ್ರಜ್ಞ ವೈದ್ಯ ದೇಬಬರ್ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್ ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದರು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್‌ರೇ ಮತ್ತು ಕಫ ಪರೀಕ್ಷೆಯಿಂದ ರೋಗಿಗಳನ್ನು ಗುರುತಿಸುವ ಸಮೀಕ್ಷೆ ನಡೆದಿತ್ತು. ಅದೇ ಜನರ ಮನೆಗೆ ಹೋಗಿ ಮಾತನಾಡಿಸಿದರು. ನಿಮಗೆ ಏನಾಗುತ್ತಿದೆ? ಅದರ ಬಗ್ಗೆ ಏನನ್ನಿಸುತ್ತದೆ? ಏನು ಮಾಡಿದಿರಿ? 1963ರಲ್ಲಿ ಪ್ರಕಟವಾದ ಫಲಿತಾಂಶ ತಜ್ಞರನ್ನೇ ಬೆಚ್ಚಿಬೀಳಿಸಿತು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಸುಮಾರು 72 ಮಂದಿ ಅದರಿಂದ ಚಿಂತೆಗೊಳಗಾಗಿದ್ದರು. ಸುಮಾರು 52 ಮಂದಿ ಆಗಲೇ ಚಿಕಿತ್ಸೆ ಅರಸಿ ಆಸ್ಪತ್ರೆಗೆ ಹೋಗಿ ಬಂದಿದ್ದರು!

ಹೋಗಿ ಬಂದವರ ಕೈಯಲ್ಲಿ ಏನಿತ್ತು? ಕೆಮ್ಮಿನ ಔಷಧಿಯ ಒಂದು ಬಾಟಲಿ. ಕಫ ಪರೀಕ್ಷೆ ಮಾಡಲು ಸೂಕ್ಷ್ಮದರ್ಶಕವೊಂದಿದ್ದರೆ ಸಾಕಿತ್ತು. ಅದನ್ನು ಮಾಡದೆ ಮಿಕ್ಸ್‌ಚರ್ ಕೊಟ್ಟು ಕಳುಹಿಸಲಾಗಿತ್ತು. ಅಂದರೆ ರೋಗಿ ಅಡಗಿ ಕುಳಿತಿರಲಿಲ್ಲ. ಅರ್ಧ ದಿನದ ಕೂಲಿ ಬಿಟ್ಟು, ಎತ್ತಿನ ಗಾಡಿಯಲ್ಲೋ ನಡೆದೋ ಬಂದು ಬಾಗಿಲು ತಟ್ಟಿದ್ದ. ಒಳಗಿದ್ದವರು ಗುರುತಿಸಲಿಲ್ಲ.

ತುಮಕೂರಿನ ರೈತನಿಂದ ಕಲಿತ ಈ ಪಾಠದ ಮೇಲೆಯೇ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವನ್ನು 1962ರಿಂದ ಜಿಲ್ಲಾ ಮಟ್ಟದಲ್ಲಿ ಕಟ್ಟಲಾಯಿತು. ಕೆಮ್ಮೆಂದು ಬಂದವನ ಕಫವನ್ನು ಅವನು ಬಂದ ಆಸ್ಪತ್ರೆಯಲ್ಲೇ ನೋಡುವುದು, ಔಷಧಿಯನ್ನು ಹತ್ತಿರದ ಕೇಂದ್ರದಿಂದಲೇ ಕೊಡುವುದು. ಔಷಧಿ ಒಯ್ಯಲು ಬಾರದವನಿಗೆ ಕಾಗದ ಬರೆಯಬೇಕು, ಆಗಲೂ ಬಾರದಿದ್ದರೆ ಮನೆಗೆ ಹೋಗಿ ಕರೆತರಬೇಕು ಎಂಬ ನಿಯಮವೂ ಇತ್ತು. ಒಂದು ಕಾರ್ಡು ಬರೆಯುವ ನಿಯಮ ಇಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ನನ್ನ ಪ್ರಕಾರ ಹೌದು. ಚಿಕಿತ್ಸೆ ಬಿಟ್ಟವನನ್ನು ಬೈಯುವುದರ ಬದಲು ಅವನ ವಿಳಾಸ ಹುಡುಕುವುದು ಆಸ್ಪತ್ರೆಯ ಕೆಲಸ ಎಂದು ಅದು ಒಪ್ಪಿಕೊಂಡಿತ್ತು.

ಆ ಕೆಲಸ ಕಾಗದದ ಮೇಲಿದ್ದಷ್ಟು ಚೆನ್ನಾಗಿ ನಡೆಯಲಿಲ್ಲ ಎಂಬುದೂ ನಿಜ. 1992ರಲ್ಲಿ ಕಾರ್ಯಕ್ರಮದ ಪರಿಶೀಲನೆ ನಡೆದಾಗ, ಚಿಕಿತ್ಸೆ ಆರಂಭಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದನ್ನು ಪೂರ್ಣಗೊಳಿಸುತ್ತಿರಲಿಲ್ಲ ಎಂಬ ಸ್ಥಿತಿ ಬೆಳಕಿಗೆ ಬಂತು. ಅದರ ಮೇಲೆಯೇ ಕಣ್ಣೆದುರಿನಲ್ಲಿ ಮಾತ್ರೆ ನುಂಗಿಸುವ ಡಾಟ್ಸ್ ಪದ್ಧತಿ ಬಂದು, 2006ರ ಹೊತ್ತಿಗೆ ಇಡೀ ದೇಶವನ್ನು ವ್ಯಾಪಿಸಿತು. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ‘ಮಾತ್ರೆ ತಗೊಂಡ್ರಾ?’ ಎಂದು ಕೇಳುವುದು ಇಂದು ನಮಗೆ ಸಹಜವೆನಿಸುತ್ತದೆ. ಅದರ ಹಿಂದೆ ನಲವತ್ತು ವರ್ಷಗಳ ಸೋಲು ಗೆಲುವು ಇದೆ.

ಈಗ ಹೆಪಟೈಟಿಸ್ ಸಿಗೆ ಮರಳೋಣ. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್ ಎಂಬ ಮಾತ್ರೆಗೆ ಅನುಮತಿ ಸಿಕ್ಕಿತು. ಚುಚ್ಚುಮದ್ದಿಲ್ಲ, ಖಿನ್ನತೆಯಿಲ್ಲ, ಹನ್ನೆರಡು ವಾರ ಸಾಕು. ಅದಕ್ಕೆ ಜೊತೆಯಾಗುವ ಡಕ್ಲಾಟಾಸ್ವಿರ್‌ನಂಥ ಮಾತ್ರೆಗಳೂ ಬಂದ ಮೇಲೆ ನೂರರಲ್ಲಿ 95 ಮಂದಿ ಗುಣವಾಗತೊಡಗಿದರು. ಬೆಲೆ ಮಾತ್ರ ಒಂದು ಮಾತ್ರೆಗೆ 1000 ಡಾಲರ್! ಪೂರ್ತಿ ಚಿಕಿತ್ಸೆಗೆ 84,000 ಡಾಲರ್. ಗಿಲಿಯಡ್ ಎಂಬ ಕಂಪನಿಯ ಈ ಬೆಲೆಗೆ ಜಗತ್ತಿನಾದ್ಯಂತ ವಿರೋಧ ಬಂತು. 2014ರ ಸೆಪ್ಟೆಂಬರಿನಲ್ಲಿ ಅದು ಭಾರತದ ಏಳು ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಕೊಟ್ಟಿತು. ಅವುಗಳಲ್ಲಿ ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಕೂಡ ಒಂದು. 2015ರಲ್ಲಿ ಹೈದರಾಬಾದಿನ ನ್ಯಾಟ್ಕೋ ಕಂಪನಿ 28 ಮಾತ್ರೆಗಳ ಬಾಟಲಿಯನ್ನು 19,900 ರೂಪಾಯಿಗೆ ಮಾರುಕಟ್ಟೆಗೆ ತಂದಿತು. ಪೈಪೋಟಿಯಲ್ಲಿ ಬೆಲೆ ಇನ್ನೂ ಇಳಿಯಿತು. 2016ರಲ್ಲಿ ಪಂಜಾಬ್ ಸರ್ಕಾರ ತನ್ನ ರೋಗಿಗಳಿಗೆ ಉಚಿತ ಚಿಕಿತ್ಸೆ ಆರಂಭಿಸಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಪ್ರಕಟಿಸಿತು. ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ.

ಆದರೆ 2004ರಲ್ಲಿ ಚೀಟಿ ಪಡೆದವನಿಗೆ ಇದು ಗೊತ್ತಾಗುವುದು ಹೇಗೆ? ಅವನ ಮಟ್ಟಿಗೆ ವಿಷಯ ಮುಗಿದುಹೋಗಿದೆ. ಔಷಧಿ ಇಲ್ಲದ ರೋಗ ಎಂದು ಡಾಕ್ಟರೇ ಹೇಳಿದ್ದಾರೆ. ಅವನು ಮತ್ತೆ ಆ ಬಾಗಿಲು ತಟ್ಟಲು ಕಾರಣವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಅಂದಾಜಿನಂತೆ ಭಾರತದಲ್ಲಿ ಹೆಪಟೈಟಿಸ್ ಸಿ ಇರುವವರು ಸುಮಾರು 55 ಲಕ್ಷ. ಅವರಲ್ಲಿ ಬಹುಪಾಲು ಜನರಿಗೆ ತಮಗೆ ರೋಗವಿರುವುದೇ ತಿಳಿಯದು. ಅವರನ್ನು ಹುಡುಕುವುದು ದೊಡ್ಡ ಕೆಲಸ, ಕಷ್ಟದ ಕೆಲಸ. ನಾನು ಹೇಳುತ್ತಿರುವುದು ಅವರ ಬಗ್ಗೆಯಲ್ಲ. ಒಮ್ಮೆ ಪರೀಕ್ಷೆಯಾಗಿ, ಹೆಸರು ವಿಳಾಸ ಸಮೇತ ಒಂದು ರಿಜಿಸ್ಟರಿನಲ್ಲಿ ದಾಖಲಾಗಿ, ಆಮೇಲೆ ನಾವೇ ಕೈಬಿಟ್ಟವರ ಬಗ್ಗೆ.

ಇಂಥ ರಿಜಿಸ್ಟರುಗಳು ಎಲ್ಲೆಲ್ಲಿವೆ ಎಂದು ಯೋಚಿಸಿ ನೋಡಿ. ಮೊದಲನೆಯದಾಗಿ ರಕ್ತನಿಧಿಗಳು. ಕಾಲೇಜಿನ ಶಿಬಿರದಲ್ಲೋ ಸಂಘದ ವಾರ್ಷಿಕೋತ್ಸವದಲ್ಲೋ ರಕ್ತ ಕೊಟ್ಟವನ ರಕ್ತ ಪರೀಕ್ಷೆಯಲ್ಲಿ ತಪ್ಪಿದರೆ ಆ ಚೀಲವನ್ನು ನಾಶ ಮಾಡುತ್ತಾರೆ. ಚೀಲದ ಗತಿ ದಾಖಲಾಗುತ್ತದೆ. ದಾನಿಯ ಗತಿ? ಆಪರೇಷನ್ನಿಗೆ ಮುಂಚೆ, ಕಣ್ಣಿನ ಪೊರೆ ತೆಗೆಯುವ ಮುಂಚೆ, ಹೆರಿಗೆಗೆ ಮುಂಚೆ ಆಸ್ಪತ್ರೆಗಳು ಇದೇ ಪರೀಕ್ಷೆ ಮಾಡಿಸುವುದುಂಟು. ಹಲವು ಕಡೆ ಅದರ ಉದ್ದೇಶ ಸರ್ಜನ್ನರ ಸುರಕ್ಷತೆ. ಪಾಸಿಟಿವ್ ಬಂದರೆ ಆಪರೇಷನ್ ಮುಂದಕ್ಕೆ, ಇಲ್ಲವೇ ಬೇರೆ ಆಸ್ಪತ್ರೆಗೆ. ಇನ್ನು ಡಯಾಲಿಸಿಸ್ ಘಟಕಗಳು. ಅಲ್ಲಿ ಇಂಥವರಿಗೆ ಬೇರೆ ಯಂತ್ರ ಇಡುತ್ತಾರೆ, ಚಿಕಿತ್ಸೆಯ ಮಾತು ಎಲ್ಲ ಕಡೆಯೂ ಬರುವುದಿಲ್ಲ.

ಕೊನೆಗೆ ಗಲ್ಫ್ ಮೆಡಿಕಲ್. ಭಟ್ಕಳ, ಉಡುಪಿ, ಮಂಗಳೂರು, ಕಾಸರಗೋಡುಗಳಿಂದ ಹಿಡಿದು ನಮ್ಮ ಸಕಲೇಶಪುರ, ಅರಕಲಗೂಡು, ಹೊಳೆನರಸೀಪುರದವರೆಗೆ ಮನೆಗೊಬ್ಬ ಹುಡುಗ ಆ ಸಾಲಿನಲ್ಲಿ ನಿಂತಿದ್ದಾನೆ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ತೀರಾ ಸುಳ್ಳಾಗದು. ಕ್ಷಯ, ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಲ್ಲದರ ಪರೀಕ್ಷೆ ಅಲ್ಲಿ ನಡೆಯುತ್ತದೆ. ನಮ್ಮ ಸಮುದಾಯದ ಆರೋಗ್ಯವಂತ ತರುಣರನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಪರೀಕ್ಷಿಸುವ ವ್ಯವಸ್ಥೆ ಬೇರೊಂದಿಲ್ಲ. ಆದರೆ ಅದು ಆರೋಗ್ಯ ಕಾಪಾಡಲು ಇರುವ ವ್ಯವಸ್ಥೆಯಲ್ಲ, ಕೂಲಿಗಳನ್ನು ಆರಿಸುವ ವ್ಯವಸ್ಥೆ. ಜಲ್ಲೆಯಲ್ಲಿ ಕಾಳು ನಿಂತರೆ ಸರಿ, ಕೆಳಗೆ ಬಿದ್ದದ್ದು ಎಲ್ಲಿ ಹೋಯಿತೆಂದು ನೋಡುವವರಿಲ್ಲ. ಅನ್‌ಫಿಟ್ ಆದವನು ಊರಿಗೆ ಬಂದು ‘ವೀಸಾ ಕ್ಯಾನ್ಸಲ್ ಆಯಿತು’ ಎಂದು ಹೇಳುತ್ತಾನೆ. ತಂಗಿಯ ಮದುವೆಗೆ ತಂದ ಸಾಲ, ಏಜೆಂಟನಿಗೆ ಕೊಟ್ಟ ಹಣ, ಊರಿನವರ ಪ್ರಶ್ನೆ, ಇವುಗಳ ನಡುವೆ ಯಕೃತ್ತಿನ ಯೋಚನೆ ಯಾರಿಗೆ ಬರುತ್ತದೆ? ಇನ್ನೊಂದು ಕಹಿ ಸತ್ಯವನ್ನೂ ಹೇಳಿಬಿಡಬೇಕು. ಪೂರ್ತಿ ಗುಣವಾದ ಮೇಲೂ ಪ್ರತಿಕಾಯದ ಪರೀಕ್ಷೆ ಪಾಸಿಟಿವ್ ಆಗಿಯೇ ಉಳಿಯಬಹುದು. ಹಾಗಾಗಿ ಆ ಒಂದು ಪರೀಕ್ಷೆಯನ್ನಷ್ಟೇ ನೋಡುವ ಕಡೆ ಗುಣವಾದವನೂ ಅನ್‌ಫಿಟ್ ಆಗುತ್ತಾನೆ. ಚಿಕಿತ್ಸೆ ಪಡೆದರೆ ವೀಸಾ ಸಿಗುತ್ತದೆ ಎಂದು ಯಾರಿಗೂ ಆಸೆ ಹುಟ್ಟಿಸಬಾರದು. ಉಳಿಯುವುದು ಪ್ರಾಣ.

ಕೈಬಿಟ್ಟವರನ್ನು ಮರಳಿ ಹುಡುಕಿದ ಉದಾಹರಣೆಗಳು ಬೇರೆ ದೇಶಗಳಲ್ಲಿವೆ. ನೆದರ್‌ಲ್ಯಾಂಡ್ಸ್‌ನ ಆಸ್ಪತ್ರೆಗಳು ಸುಮಾರು ಹದಿನೈದು ವರ್ಷ ಹಿಂದಿನವರೆಗಿನ ಪ್ರಯೋಗಾಲಯದ ದಾಖಲೆಗಳನ್ನು ತೆರೆದು, ಪಾಸಿಟಿವ್ ಬಂದೂ ಚಿಕಿತ್ಸೆ ಪಡೆಯದವರ ಪಟ್ಟಿ ಮಾಡಿ, ಕಾಗದ ಬರೆದು ಕರೆಸಿದವು. ಪಟ್ಟಿಯಲ್ಲಿದ್ದ ಕೆಲವರು ತೀರಿಹೋಗಿದ್ದರು, ಕೆಲವರು ದೇಶ ಬಿಟ್ಟಿದ್ದರು, ಕೆಲವರು ಕಾಗದಕ್ಕೆ ಉತ್ತರಿಸಲೇ ಇಲ್ಲ. ಉಳಿದವರಲ್ಲಿ ಎಷ್ಟೋ ಜನ ಹೊಸ ಮಾತ್ರೆ ಬಂದಿರುವುದನ್ನೇ ತಿಳಿದಿರಲಿಲ್ಲ.

ನನಗೆ ಇನ್ನೂ ಹತ್ತಿರವೆನಿಸುವುದು ಈಜಿಪ್ಟ್. ನೈಲ್ ನದಿಯ ರೈತರನ್ನು ಕಾಡುತ್ತಿದ್ದ ಬಿಲ್ಹಾರ್ಜಿಯಾ ಎಂಬ ಹುಳುವಿನ ರೋಗಕ್ಕೆ ಅಲ್ಲಿನ ಸರ್ಕಾರ 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಹಳ್ಳಿ ಹಳ್ಳಿಗೆ ಹೋಗಿ ಇಂಜೆಕ್ಷನ್ ಕೊಟ್ಟಿತು. ಸರಿಯಾಗಿ ಕುದಿಸದ ಅದೇ ಗಾಜಿನ ಸಿರಿಂಜುಗಳಿಂದ. ಒಳ್ಳೆಯದನ್ನು ಮಾಡಲು ಹೊರಟ ಕೈಗಳೇ ಲಕ್ಷಾಂತರ ಜನರ ರಕ್ತಕ್ಕೆ ಹೆಪಟೈಟಿಸ್ ಸಿ ಸೇರಿಸಿದವು. 2008ರ ಸಮೀಕ್ಷೆಯ ಹೊತ್ತಿಗೆ 15ರಿಂದ 59 ವರ್ಷದ ಈಜಿಪ್ಟಿನವರಲ್ಲಿ ನೂರಕ್ಕೆ ಸುಮಾರು 15 ಮಂದಿಯ ರಕ್ತದಲ್ಲಿ ಇದರ ಗುರುತಿತ್ತು. 2014ರಲ್ಲಿ ಸರ್ಕಾರ ಚೌಕಾಸಿ ಮಾಡಿ ಒಂದು ತಿಂಗಳ ಸೋಫೋಸ್ಬುವಿರ್ ಅನ್ನು 300 ಡಾಲರಿಗೆ ಪಡೆದು, ಹೆಸರು ಬರೆಸಿದವರಿಗೆಲ್ಲ ಚಿಕಿತ್ಸೆ ಆರಂಭಿಸಿತು. ಸರದಿಯಲ್ಲಿ ಲಕ್ಷಾಂತರ ಜನ. ಎರಡು ವರ್ಷಗಳಲ್ಲಿ ಸರದಿ ಕರಗಿತು. ಔಷಧಿ ಇದೆ, ರೋಗಿಗಳು ಬರುತ್ತಿಲ್ಲ! ಆಗ 2018ರಲ್ಲಿ ಆರಂಭವಾದ ಅಭಿಯಾನದಲ್ಲಿ ಏಳು ತಿಂಗಳಲ್ಲಿ ಸುಮಾರು ಐದು ಕೋಟಿ ಜನರನ್ನು ಪರೀಕ್ಷಿಸಿ, ಪಾಸಿಟಿವ್ ಬಂದವರನ್ನು ಚಿಕಿತ್ಸಾ ಕೇಂದ್ರಕ್ಕೆ ತಲುಪಿಸಲಾಯಿತು. 2023ರ ಅಕ್ಟೋಬರಿನಲ್ಲಿ, ಹೆಪಟೈಟಿಸ್ ಸಿ ನಿರ್ಮೂಲನೆಯ ದಾರಿಯಲ್ಲಿ ‘ಚಿನ್ನದ ಹಂತ’ ತಲುಪಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಈಜಿಪ್ಟನ್ನು ಗುರುತಿಸಿತು. ಸಿರಿಂಜಿನ ಮೂಲಕ ರೋಗ ಹಂಚಿದ ಸರ್ಕಾರವೇ ಆ ಋಣವನ್ನು ಮನೆಮನೆಗೆ ಹೋಗಿ ತೀರಿಸಿತೆಂದು ನಾನು ಓದಿಕೊಳ್ಳುತ್ತೇನೆ.

ನಮ್ಮಲ್ಲಿ ಐದು ಕೋಟಿ ಜನರ ಪರೀಕ್ಷೆಯ ಮಾತು ಬೇಡ. ಸದ್ಯಕ್ಕೆ ಹಳೆಯ ರಿಜಿಸ್ಟರುಗಳನ್ನು ತೆರೆದರೆ ಸಾಕು. ಇಲ್ಲಿ ಒಂದು ನಿಜವಾದ ತೊಡಕಿದೆ, ಅದನ್ನು ಮುಚ್ಚಿಡಬಾರದು. ಮಲ್ಲಿಪಟ್ಟಣದಂಥ ಊರಿನಲ್ಲಿ ಆರೋಗ್ಯ ಇಲಾಖೆಯ ಜೀಪು ಒಬ್ಬನ ಮನೆಯ ಮುಂದೆ ನಿಂತರೆ ಸಂಜೆಯೊಳಗೆ ಹೋಟೆಲಿನಲ್ಲಿ ಅದರ ಚರ್ಚೆ. ಹೆಪಟೈಟಿಸ್ಸೂ ಎಚ್‌ಐವಿಯೂ ಒಂದೇ ಎಂದು ತಿಳಿದವರು ಬಹಳ. ಅಂಗಡಿಯವನಾದರೆ ಗಿರಾಕಿ ಕಡಿಮೆಯಾಗುತ್ತಾರೆ, ಮಗಳ ಸಂಬಂಧ ಮುರಿಯುತ್ತದೆ. ಒಬ್ಬನ ಪ್ರಾಣ ಉಳಿಸಲು ಹೋಗಿ ಅವನ ಮರ್ಯಾದೆ ತೆಗೆಯುವ ಹಕ್ಕು ಯಾರಿಗೂ ಇಲ್ಲ. ರೋಗದ ಹೆಸರೆತ್ತದ, ‘ನಿಮ್ಮ ಹಿಂದಿನ ಪರೀಕ್ಷೆಯ ಬಗ್ಗೆ ಮಾತನಾಡಬೇಕಿದೆ, ಬನ್ನಿ’ ಎಂಬಷ್ಟೇ ಇರುವ ಮುಚ್ಚಿದ ಕಾಗದವೊಂದು ಜೀಪಿಗಿಂತ ಉತ್ತಮ. ಹೆಸರು ಹಿಡಿಯದೆ ಎಲ್ಲರಿಗೂ ಹೇಳುವ ಮಾತೂ ಉತ್ತಮವೇ. 2001ಕ್ಕೆ ಮುಂಚೆ ರಕ್ತ ಪಡೆದವರು, ರಕ್ತದಾನ ಶಿಬಿರದಿಂದ ‘ಇನ್ನು ರಕ್ತ ಕೊಡಬೇಡಿ’ ಎಂದು ಕೇಳಿಸಿಕೊಂಡವರು, ಗಲ್ಫ್ ಮೆಡಿಕಲ್‌ನಲ್ಲಿ ಅನ್‌ಫಿಟ್ ಆದವರು ಒಮ್ಮೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಬನ್ನಿ ಎಂದು ಸಂತೆಯಲ್ಲಿ, ಹಾಲಿನ ಡೇರಿಯಲ್ಲಿ, ಜುಮಾ ನಮಾಝಿನ ಬಳಿಕ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು? ಇದಕ್ಕೆ ಡಾಕ್ಟರರೇ ಆಗಬೇಕೆಂದಿಲ್ಲ.

ನಮ್ಮ ಬಂಧುವಿನ ವಿಷಯದಲ್ಲಿ ಅಂಥ ಕಾಗದ ಯಾವುದೂ ಬರಲಿಲ್ಲ. 2022ರಲ್ಲಿ ಟ್ರಂಕಿನಿಂದ ಪಹಣಿ ಹುಡುಕುತ್ತಿದ್ದ ಅವರ ಮಗನ ಕೈಗೆ ಆ ಚೀಟಿ ಸಿಕ್ಕಿತು. ಅವನು ಫಾರ್ಮಸಿ ಓದಿದವನು. ‘ಅಪ್ಪಾ, ಇದೇನು?’ ಎಂದು ಕೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲವಂತೆ. ಹಾಸನಕ್ಕೆ ಹೋಗಲು ಒಪ್ಪಿಸಲು ಎರಡು ತಿಂಗಳು ಬೇಕಾಯಿತು. ಬಸ್ಸಿನಲ್ಲಿ ಹೋದರೆ ಪರಿಚಯದವರು ಸಿಗುತ್ತಾರೆಂದು ನಸುಕಿನಲ್ಲಿ ಬೈಕಿನಲ್ಲೇ ಹೊರಟರು. ಪ್ರತಿಕಾಯದ ಪರೀಕ್ಷೆ ಮತ್ತೆ ಪಾಸಿಟಿವ್ ಬಂತು. ಎರಡನೆಯ ಪರೀಕ್ಷೆಗೆ ರಕ್ತ ಕೊಟ್ಟು, ಕೆಲವು ದಿನ ಬಿಟ್ಟು ಮಗ ಒಬ್ಬನೇ ಹೋಗಿ ಫಲಿತಾಂಶ ತಂದ. ವೈರಸ್ಸು ಇರಲಿಲ್ಲ. ಯಕೃತ್ತು ಚೆನ್ನಾಗಿತ್ತು. ಅವರ ದೇಹ ಯಾವತ್ತೋ, ಬಹುಶಃ ಮುಂಬೈಗೆ ಹೋಗುವ ಮುಂಚೆಯೇ, ಅದನ್ನು ಹೊರಹಾಕಿತ್ತು.

ಹದಿನೆಂಟು ವರ್ಷ ಬೇರೆ ಲೋಟದಲ್ಲಿ ಚಹಾ ಕುಡಿದ ಮನುಷ್ಯ ಹೊಸ ಚೀಟಿಯನ್ನು ಎರಡು ಸಲ ಓದಿಸಿ ಕೇಳಿದರು. ಆಮೇಲೆ ಅದನ್ನೂ ನಾಲ್ಕಾಗಿ ಮಡಿಸಿ, ಹಳೆಯ ಪಾಸ್‌ಪೋರ್ಟಿನೊಳಗೆ ಮೊದಲ ಚೀಟಿಯ ಜೊತೆಗೇ ಇಟ್ಟರು.